ಪದಚಮತ್ಕಾರದ ಪದಬಂಧ ಬಿಡಿಸುವವರಿಗೆ ಒಂದು ಸಲಹೆ

ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಪೂರ್ಣ ಅಕ್ಷರ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ಗುಣಿತವಾಗಲಿ, ಒತ್ತಾಗಲಿ, ಸೊನ್ನೆಯಾಗಲಿ ತನ್ನ ಅಕ್ಷರದ ಜೊತೆಯಲ್ಲೇ ಇರುವುದರಿಂದ ‘ಲಕ್ಷ್ಮಿ’ಗೆ ಎರಡೇ ಮನೆ ಸಾಕು.

‘ಹಿಂದಕ್ಕೆ ತಿರುಗಿದ ಕೋತಿ ವಸಂತದಲ್ಲಿ ಹಾಡಿತು (2)’ ಎಂಬ ಸುಳಿವನ್ನು ನೋಡೋಣ. ಕೋತಿ, ಮಂಗ, ಕಪಿ ಮೂರೂ ಎರಡಕ್ಷರದವೇ ಆದರೂ, ತಿರುಗಿಸಿದಾಗ ಅರ್ಥ ಉಳಿಯುವುದು ‘ಕಪಿ’ಗೆ ಮಾತ್ರ, ಅದು ‘ಪಿಕ’, ಅಂದರೆ ಕೋಗಿಲೆಯಾಗುತ್ತದೆ. ಆದ್ದರಿಂದ ‘ತಿರುಗಿದ’, ‘ಮಗುಚಿದ’, ‘ಚೆಲ್ಲಾಪಿಲ್ಲಿಯಾದ’ ಎಂಬಂಥ ಮಾತು ಕಂಡೊಡನೆ ಪಕ್ಕದ ಪದದ ಸಮಾನಾರ್ಥಕಗಳನ್ನೆಲ್ಲ ಅಂಚಿನಲ್ಲಿ ಬರೆದುಕೊಂಡು, ಒಂದೊಂದನ್ನೇ ಪರೀಕ್ಷಿಸುವುದು ಒಳ್ಳೆಯದು.

ಅಡಗಿಸಿಟ್ಟ ಪದಗಳು ಇನ್ನೂ ಸೊಗಸು. ‘ಸೇವಕ ಮಲಗಿದಾಗ ನಡುವೆ ಅರಳಿದ ಹೂ (3)’ ಎಂಬಲ್ಲಿ ಪದಗಳ ನಡುವಿನ ಜಾಗವನ್ನು ಅಳಿಸಿ ಓದಿದರೆ ‘ಕಮಲ’ ತಾನಾಗಿಯೇ ಕಾಣುತ್ತದೆ. ನನ್ನ ಮಟ್ಟಿಗೆ ಇದೇ ಅತ್ಯಂತ ನ್ಯಾಯವಾದ ಸುಳಿವು, ಏಕೆಂದರೆ ಉತ್ತರ ಕಣ್ಣೆದುರಿಗೇ ಇರುತ್ತದೆ. ‘ಎತ್ತಲಿಂದ ಓದಿದರೂ ವೀರನಾರಾಯಣನ ಊರು (3)’ ಎಂದರೆ ಗದಗ ಎಂದು ಹೆಚ್ಚಿನವರಿಗೆ ಕೂಡಲೇ ಹೊಳೆಯುತ್ತದೆ.

ಬೇರೆಯವರಿಗೆ ವಿವರಿಸುವಾಗ ಬರೀ ಉತ್ತರ ಹೇಳದೆ, ಸುಳಿವಿನಲ್ಲಿ ಅರ್ಥ ಸೂಚಿಸುವ ಭಾಗ ಯಾವುದು, ಅಕ್ಷರದಾಟದ ಭಾಗ ಯಾವುದು ಎಂದು ನಡುವೆ ಗೆರೆ ಎಳೆದು ತೋರಿಸಿ. ಎರಡೂ ಭಾಗಗಳು ಒಂದೇ ಪದವನ್ನು ಕೊಡದಿದ್ದರೆ, ಅಡ್ಡ ಬರುವ ಅಕ್ಷರ ಹೊಂದಿದರೂ ಪೆನ್ಸಿಲ್ಲಿನಲ್ಲಷ್ಟೇ ತುಂಬಿಸಿ.