ವಿದೇಶಿ ಸಾಫ್ಟ್‌ವೇರ್ ಬಿಲ್ಲಿನ ಆ 900 ರೂಪಾಯಿ

ಹುಬ್ಬಳ್ಳಿಯಲ್ಲಿ ನನ್ನದು ಸಣ್ಣ ಡಿಸೈನ್ ಅಂಗಡಿ. ವಿದೇಶಿ ಸಾಫ್ಟ್‌ವೇರ್‌ಗೆ ತಿಂಗಳಿಗೆ 5,000 ರೂಪಾಯಿ, ಅದರ ಮೇಲೆ 18% ಐಜಿಎಸ್‌ಟಿ (ಆಮದಿಗೂ ಬೀಳುವ ಜಿಎಸ್‌ಟಿ), ಅಂದರೆ 900. ಕ್ರೆಡಿಟ್ ಮಾತ್ರ, ಅಂದರೆ ಕೊಟ್ಟ ತೆರಿಗೆಯನ್ನು ನಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುತ್ತಿರಲಿಲ್ಲ. ಕೊನೆಗೆ ಬಿಲ್ ತೆರೆದು ನೋಡಿದರೆ ನನ್ನ ಜಿಎಸ್‌ಟಿ ನಂಬರೇ ಇಲ್ಲ! ಬಿಲ್ಲಿಂಗ್ ಪುಟದಲ್ಲಿ 15 ಅಕ್ಷರದ ಆ ನಂಬರ್ ಹಾಕಿದೆ. ಮುಂದಿನ ಬಿಲ್ಲಿನಲ್ಲಿ ತೆರಿಗೆ ಸೊನ್ನೆ.

ಹಾಗಂತ ಸುಮ್ನೆ ಕೂರುವಂತಿಲ್ಲ. ಆ ತೆರಿಗೆಯನ್ನು ಈಗ ರಿವರ್ಸ್ ಚಾರ್ಜ್‌ನಲ್ಲಿ, ಅಂದರೆ ಮಾರಿದವರ ಬದಲು ಕೊಂಡವರಾಗಿ, ನಾವೇ ಸರ್ಕಾರಕ್ಕೆ ಕಟ್ಟಬೇಕು. ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿಯ 3.1(ಡಿ) ಕಾಲಂನಲ್ಲಿ ತೋರಿಸಿದೆ. ಲೆಡ್ಜರ್‌ನಲ್ಲಿ ಕ್ರೆಡಿಟ್ ಎಷ್ಟೇ ಇರಲಿ, ಇದನ್ನು ನಗದು ಲೆಡ್ಜರ್‌ನಿಂದಲೇ (ಜಿಎಸ್‌ಟಿ ಪೋರ್ಟಲ್‌ನಲ್ಲಿ ನಾವು ದುಡ್ಡು ತುಂಬಿಡುವ ಖಾತೆ) ಕಟ್ಟಬೇಕು. ಇದೊಂದು ಕಿರಿಕಿರಿ. ಅದೇ ರಿಟರ್ನ್‌ನ 4(ಎ)(2)ರಲ್ಲಿ, ಸೇವೆಯ ಆಮದು ಅಂತ, ಅಷ್ಟೂ ಕ್ರೆಡಿಟ್ ತೆಗೆದುಕೊಂಡೆ. ಹಳೇ ಬಿಲ್ ತಿದ್ದಿಕೊಡಲು ಕಂಪನಿ ಒಪ್ಪಲಿಲ್ಲ. ನಾಲ್ಕು ತಿಂಗಳ ತೆರಿಗೆ ದುಡ್ಡು ಹೋಯಿತು.