ಮೇಸ್ತ್ರಿ ಟೇಪಿನಲ್ಲಿ ನರಿ ಸಿಕ್ಕಿತು

ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೊ) ಗುಂಪಿನಲ್ಲಿ ಒಬ್ಬರು ಸುಬೇದಾರರಿದ್ದಾರೆ. ಸೇನೆಯ ಸಿಗ್ನಲ್ಸ್‌ನಿಂದ ನಿವೃತ್ತರು. ನಮ್ಮ ಆಟ ನರಿ ಬೇಟೆ: ಎಲ್ಲೋ ಬಚ್ಚಿಟ್ಟ ಸಣ್ಣ ಟ್ರಾನ್ಸ್‌ಮಿಟರ್ ನರಿ, ಅದರ ಸಿಗ್ನಲ್ ಹಿಡಿದು ಹುಡುಕುವುದೇ ಬೇಟೆ. ನಾನು ಮೇಸ್ತ್ರಿಗಳ ಅಳತೆ ಟೇಪಿನಿಂದ ಮಾಡಿದ ಯಾಗಿ (ಸಿಗ್ನಲ್ ಬರುವ ದಿಕ್ಕು ತೋರಿಸುವ ಆಂಟೆನಾ) ಹಿಡಿದು ಬೇಟೆಗೆ ಬಂದ ದಿನ, "ಏನಪ್ಪಾ, ಬೆಟ್ಟಕ್ಕೆ ಕಾಂಪೌಂಡು ಕಟ್ಟಿಸ್ತೀಯಾ?" ಅಂದರು. ಎಲ್ಲರೂ ನಕ್ಕರು. ಮೂರನೇ ಸಲ ಅದೇ ಆಂಟೆನಾದಲ್ಲಿ ನಲವತ್ತು ನಿಮಿಷಕ್ಕೆ ನರಿ ಹಿಡಿದೆವು.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಕಾರಿನ ಮೇಲೆ ಕೂರಿಸುವ, ಸಿಗ್ನಲ್ ಬರುವ ದಿಕ್ಕನ್ನು ದೀಪಗಳಲ್ಲಿ ತೋರಿಸುವ ಡಾಪ್ಲರ್ ಕಿಟ್ ತರಿಸಿದ್ದೆ, ಏಳು ಸಾವಿರದ ಆಸುಪಾಸು. ಬಯಲಲ್ಲಿ ಚೆನ್ನಾಗಿತ್ತು. ಸಾವನದುರ್ಗದ ತಪ್ಪಲಿಗೆ ಬಂದರೆ ಅದರ ದೀಪಗಳು ಗಿರಗಿಟ್ಲೆ ಥರ ಸುತ್ತಿದವು. ಅಷ್ಟು ದೊಡ್ಡ ಬಂಡೆ, ಸಿಗ್ನಲ್ ಬಡಿದು ವಾಪಸ್ ಬರದೆ ಇನ್ನೇನು ಮಾಡೀತು? ರಸ್ತೆ ಮುಗಿದ ಮೇಲಂತೂ ಕಿಟ್ ಡಿಕ್ಕಿಯಲ್ಲೇ ಉಳಿಯಿತು.

ಟೇಪಿನ ಯಾಗಿ ನನ್ನ ಬುದ್ಧಿಯಲ್ಲ, ಜೋ ಲೆಜಿಯೊ ಎಂಬ ಅಮೆರಿಕದ ಹ್ಯಾಮ್‌ದು. ಹಿಂದಿನ ಪಟ್ಟಿ (ರಿಫ್ಲೆಕ್ಟರ್) 105 ಸೆಂ.ಮೀ., ಮುಂದಿನದು (ಡೈರೆಕ್ಟರ್) 89, ನಡುವಿನದು 45ರ ಎರಡು ತುಂಡು. ಬೆಂಗಳೂರಿನ ಎಸ್.ಪಿ. ರಸ್ತೆಯ ಕನೆಕ್ಟರ್, ಪಿವಿಸಿ ಪೈಪು ಎಲ್ಲ ಸೇರಿ ನಾನೂರೈವತ್ತು ರೂಪಾಯಿ ಆಗಿರಬಹುದು. ಟೇಪಿನ ಹಳದಿ ಬಣ್ಣ ಪೂರ್ತಿ ಉಜ್ಜಿ ತೆಗೆಯದೆ ಬೆಸುಗೆ ಹಾಕಿದ್ದೆ. ಮೊದಲ ಬೇಟೆಯಲ್ಲಿ ಲಂಟಾನ ಪೊದೆಗೆ ತಗುಲಿ ಕಿತ್ತುಕೊಂಡಿತು.

ಸುಬೇದಾರರು ಆಗಾಗ ಒಂದು ಕಥೆ ಹೇಳುತ್ತಾರೆ. 1961ರ ಡಿಸೆಂಬರ್‌ನಲ್ಲಿ ವಿಯೆಟ್ನಾಂನಲ್ಲಿ ಜೇಮ್ಸ್ ಡೇವಿಸ್ ಎಂಬ ಅಮೆರಿಕದ ಸೈನಿಕ, ಇಂಥದ್ದೇ ದಿಕ್ಕು ಹುಡುಕುವ ತಂಡದಲ್ಲಿದ್ದವನು, ಹೊಂಚುದಾಳಿಗೆ ಸಿಕ್ಕಿ ಸತ್ತ. ದಿಕ್ಕು ಹುಡುಕುವ ಆಗಿನ ಪಿಆರ್‌ಡಿ-1 ಯಂತ್ರ ಕೆಲಸ ಮಾಡಬೇಕಾದರೆ ಶತ್ರುವಿನ ಹತ್ತಿರಕ್ಕೇ ಹೋಗಬೇಕಿತ್ತು. ಮುಂದೆ ಆ ಕೆಲಸವನ್ನು ವಿಮಾನಕ್ಕೆ ಏರಿಸಿದರು. ಆದರೂ ಅಮೆರಿಕದ ಸ್ಪೆಷಲ್ ಫೋರ್ಸಸ್‌ನಲ್ಲಿ ಎಸ್‌ಒಟಿ-ಎ ಅಂತ ಸಣ್ಣ ತಂಡಗಳು ಉಳಿದವು. ಯಂತ್ರ ಬೆನ್ನಿಗೆ ಹೊತ್ತು ನಡೆದೇ ಹೋಗುವವರು. ಕಥೆ ಸುಬೇದಾರರದು, ಅದರಿಂದ ಪಾಠ ಕದ್ದವನು ನಾನು: ಒಂದು ಕಾರಿನ ಬದಲು ಇಬ್ಬಿಬ್ಬರ ಎರಡು ಜೋಡಿ, ಬೇರೆ ಬೇರೆ ಕಡೆಯಿಂದ ಒಂದೇ ಹೊತ್ತಿಗೆ ದಿಕ್ಕು ಹಿಡಿಯಬೇಕು. ಜೋಡಿಗಳ ಮಾತುಕತೆಗೆ ಯುಎಚ್‌ಎಫ್, ಅಂದರೆ ನರಿಯದಲ್ಲದ ಬೇರೆ ಬ್ಯಾಂಡು.

ಎರಡನೇ ಸಲ ಇದೂ ಕೈಕೊಟ್ಟಿತು. ನಕ್ಷೆಯ ಮೇಲೆ ಎರಡು ಗೆರೆ ಕೂಡಿದ್ದು ಕೆರೆಯ ನಟ್ಟನಡುವೆ! ನರಿ ಇಟ್ಟವನು ಈಜು ಬಾರದವನು. ಮನೆಗೆ ಬಂದು ಟೇಬಲ್ ಮೇಲೆ ಫೋನಿನ ದಿಕ್ಸೂಚಿ ಇಟ್ಟು ಆಂಟೆನಾ ಹತ್ತಿರ ತಂದೆ. ಮುಳ್ಳು ಇಪ್ಪತ್ತು ಡಿಗ್ರಿ ವಾಲಿತು. ಟೇಪು ಉಕ್ಕಿನದು ಅಲ್ವಾ! ಪಕ್ಕದಲ್ಲಿ ವಾಕಿಟಾಕಿ ಸ್ಪೀಕರಿನ ಮ್ಯಾಗ್ನೆಟ್ ಬೇರೆ. ಈಗ ನಾವು ಆಂಟೆನಾ ತೋರಿಸಿದ ಕಡೆಯ ಒಂದು ಮರ ಗುರುತು ಮಾಡಿಕೊಳ್ಳುತ್ತೇವೆ. ಆಂಟೆನಾ ಕೆಳಗಿಟ್ಟು, ಹತ್ತು ಹೆಜ್ಜೆ ದೂರ ಹೋಗಿ, ಆಮೇಲೆ ದಿಕ್ಸೂಚಿ ನೋಡುತ್ತೇವೆ. ಜೋರು ಸಿಗ್ನಲ್ ಎಲ್ಲಿದೆ ಅಂತ ಹುಡುಕುವುದಿಲ್ಲ. ಆಂಟೆನಾದ ಬೆನ್ನು ತಿರುಗಿಸಿ, ಎಲ್ಲಿ ಸತ್ತುಹೋಗುತ್ತೆ ನೋಡುತ್ತೇವೆ. ಅದೇ ಸೂಕ್ಷ್ಮ.

ನೂರು ಮೀಟರ್ ಒಳಗೆ ಬಂದರೆ ರೇಡಿಯೊ ಎಲ್ಲ ಕಡೆಗೂ ಫುಲ್ ಸಿಗ್ನಲ್ ತೋರಿಸುತ್ತೆ. ಹ್ಯಾಂಡ್‌ಸೆಟ್ಟಿನ ಪ್ಲಾಸ್ಟಿಕ್ ಮೈ ಸಿಗ್ನಲ್ ತಡೆಯೋದಿಲ್ಲ, ಆಂಟೆನಾ ಇಲ್ಲದೆಯೂ ಅದು ನೇರ ಒಳಗೆ ನುಗ್ಗುತ್ತೆ. ಒಂದು ಭಾನುವಾರ ಸುಮ್ನೆ ಅದನ್ನು ಹಾಲಿನ ಪುಡಿಯ ತಗಡಿನ ಡಬ್ಬದಲ್ಲಿ ಇಟ್ಟು ನೋಡಿದೆ. ಕೆಲಸ ಮಾಡಿತು, ಆದರೆ ಬಟನ್ ಒತ್ತೋದು ಹೇಗೆ? ಸಿಗ್ನಲ್ಲನ್ನು 4 ಮೆಗಾಹರ್ಟ್ಸ್ ಪಕ್ಕಕ್ಕೆ ಸರಿಸಿ ತಗ್ಗಿಸುವ ಆಫ್‌ಸೆಟ್ ಅಟೆನ್ಯುಯೇಟರ್ ಕೂಡ ಕಟ್ಟಿದೆ, ಮುನ್ನೂರು ರೂಪಾಯಿ. ಚೆನ್ನಾಗಿದೆ, ಆದರೆ ಅದರ ಬ್ಯಾಟರಿ ಆಫ್ ಮಾಡೋದು ಮರೆಯುತ್ತೇನೆ. ಖರ್ಚಿಲ್ಲದ ದಾರಿ ಮೂರನೇ ಹಾರ್ಮೋನಿಕ್, ಅಂದರೆ ನರಿಯ ಮೂರು ಪಟ್ಟು ಆವರ್ತನದಲ್ಲಿ ಸೋರುವ ಸಣ್ಣ ಸಿಗ್ನಲ್. ನರಿ 145.5 ಮೆಗಾಹರ್ಟ್ಸ್‌ನಲ್ಲಿದ್ದರೆ 436.5ಕ್ಕೆ ಟ್ಯೂನ್ ಮಾಡಿ, ರೇಡಿಯೊ ಎದೆಗೆ ಒತ್ತಿ ಹಿಡಿದು ಮೆಲ್ಲಗೆ ಸುತ್ತು ತಿರುಗಿ. ನರಿ ಬೆನ್ನ ಹಿಂದೆ ಬಂದಾಗ ಸಿಗ್ನಲ್ ಕುಸಿಯುತ್ತೆ.

ಬಂಡೆಯ ಮಾರುದನಿಯನ್ನು ನಿಜದ ಸಿಗ್ನಲ್ಲಿನಿಂದ ಬೇರ್ಪಡಿಸೋದಕ್ಕೆ ಒಂದು ಉಪಾಯ ಇದೆ. ಮುಂದಿನ ತಿಂಗಳ ಬೇಟೆ ಮುಗಿಯಲಿ, ಆಮೇಲೆ ಹೇಳುತ್ತೇನೆ.

ಮೂರನೇ ಸಲ ನರಿ ಹಳೇ ರಾಗಿ ಚೀಲದಲ್ಲಿ, ಬಿದಿರು ಮೆಳೆಯ ಬುಡದಲ್ಲಿತ್ತು. ಸುಬೇದಾರರ ಜೋಡಿ ಬರುವಾಗ ನಾವು ಮಂಡಕ್ಕಿ ತಿನ್ನುತ್ತಿದ್ದೆವು. ಅವರು ಆಂಟೆನಾ ತಗೊಂಡು, ಟೇಪು ಬಗ್ಗಿಸಿ ಬಿಟ್ಟು ನೋಡಿದರು. "ಹೇರ್‌ಪಿನ್ ಎಷ್ಟು ಉದ್ದ ಇಟ್ಟೆ?" ಅಂದರು. ನಡುವಿನ ಎರಡು ತುಂಡುಗಳನ್ನು ಸೇರಿಸುವ ಬಾಗಿದ ತಂತಿಯ ಮಾತು. ಹದಿಮೂರು ಸೆಂ.ಮೀ. ಹತ್ತತ್ರ ಸರ್, ಅಂದೆ. ಹತ್ತತ್ರ ಅಂತ ಮಾತ್ರ.