ಮಾವನ ಕ್ಲಿಕ್ 3, ಹೋಲ್ಗಾ ಮತ್ತು ಕಾಫಿಯಲ್ಲಿ ತೊಳೆದ ಫಿಲ್ಮ್

ಆರು ವರ್ಷಗಳ ಹಿಂದೆ ಅರಕಲಗೂಡಿನಲ್ಲಿ ಸೋದರಮಾವನ ಮನೆಯ ಅಟ್ಟವನ್ನು ಸ್ವಚ್ಛ ಮಾಡುತ್ತಿದ್ದಾಗ, ಹಳೆಯ ಪಂಚಾಂಗಗಳ ಕಟ್ಟಿನ ಹಿಂದೆ ಒಂದು ಅಗ್ಫಾ ಕ್ಲಿಕ್ 3 ಕ್ಯಾಮೆರಾ ನನಗೆ ಸಿಕ್ಕಿತು. ಬರೋಡದಲ್ಲಿ ತಯಾರಾಗಿ, ಎಪ್ಪತ್ತು ಮತ್ತು ಎಂಬತ್ತರ ದಶಕಗಳಲ್ಲಿ ನಮ್ಮ ಎಷ್ಟೋ ಮಧ್ಯಮವರ್ಗದ ಮನೆಗಳ ಮೊದಲ ಕ್ಯಾಮೆರಾ ಆಗಿದ್ದದ್ದು ಇದೇ. ಅದರಲ್ಲಿ ಫೋಕಸ್ ಮಾಡುವ ವ್ಯವಸ್ಥೆಯಿಲ್ಲ, ಬೆಳಕನ್ನು ಅಳೆಯುವ ಮೀಟರ್ ಇಲ್ಲ, ಬ್ಯಾಟರಿಯೂ ಬೇಡ. ಬಿಸಿಲಿಗೊಂದು, ಮೋಡಕ್ಕೊಂದು ಗುರುತಿರುವ ಒಂದು ಸಣ್ಣ ಕಡ್ಡಿ ಮತ್ತು ಒತ್ತುವ ಗುಂಡಿ, ಇಷ್ಟೇ ಅದರ ಯಂತ್ರ. ನಾನು ಅದನ್ನು ಕೇಳಿದಾಗ ಮಾವ ಸಂತೋಷದಿಂದ ಕೊಟ್ಟು, “ಸೂರ್ಯ ಯಾವಾಗಲೂ ನಿನ್ನ ಬೆನ್ನಿಗಿರಬೇಕು ಕಣಪ್ಪ, ಹತ್ತು ಅಡಿಗಿಂತ ಹತ್ತಿರ ಹೋಗಬೇಡ, ಗುಂಡಿ ಒತ್ತುವಾಗ ಉಸಿರು ಬಿಗಿ ಹಿಡಿ” ಎಂದರು. ಮುಂದೆ ಕ್ಯಾಮೆರಾ ನನಗೆ ಕಲಿಸಿದ್ದರಲ್ಲಿ ಹೆಚ್ಚಿನದು ಈ ಮೂರು ಮಾತುಗಳಲ್ಲೇ ಅಡಗಿತ್ತು.

ಒಳಗೆ ಅರ್ಧ ಮುಗಿದ ಒಂದು 120 ರೋಲು, ಅಂದರೆ ಹಿಂಬದಿಗೆ ಕಾಗದವಿರುವ ಅಗಲ ಫಿಲ್ಮು, ಹಾಗೇ ಉಳಿದಿತ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’ ಕಪ್ಪುಬಿಳುಪು ಫಿಲ್ಮ್ ಅದು. ಬಹಳ ಆಸೆಯಿಂದ ಅದನ್ನು ತೊಳೆಸಿದೆ, ಅಂದರೆ ಡೆವಲಪ್ ಮಾಡಿಸಿದೆ. ಅತ್ತೆಯ ಮದುವೆಯ ಹೊಸತರ ಮುಖವೋ, ಮನೆಮುಂದಿನ ಹಳೆಯ ಹಲಸಿನ ಮರವೋ ಕಾಣಿಸೀತೆಂದು ಕಾದಿದ್ದ ನನಗೆ ಕಂಡದ್ದು ಫಿಲ್ಮಿನ ಹಿಂದಿನ ಕಾಗದದ ಮೇಲೆ ಅಚ್ಚಾಗಿದ್ದ ಅಂಕಿಗಳು ಮಾತ್ರ. ದಶಕಗಳ ಕಾಲ ಫಿಲ್ಮಿಗೆ ಒತ್ತಿಕೊಂಡೇ ಇದ್ದ ಕಾಗದದ ಶಾಯಿ ತನ್ನ ಗುರುತನ್ನು ಅದಕ್ಕೆ ದಾಟಿಸಿತ್ತು, ಉಳಿದಂತೆ ಎಲ್ಲೆಡೆ ಬೂದು ಬಣ್ಣದ ಮಚ್ಚೆಗಳಿದ್ದವು. ನಿರಾಸೆಯಾದರೂ ಆ ನೆಗೆಟಿವನ್ನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದೆ. ಇದು ಏಕೆ ಹೀಗಾಯಿತು ಎಂದು ತಿಳಿದುಕೊಳ್ಳಬೇಕೆನ್ನುವ ಹಟ ಹುಟ್ಟಿದ್ದು ಅಂದು.

ಅಲ್ಲಿಯವರೆಗೆ ನಾನು ಡಿಜಿಟಲ್ ಕ್ಯಾಮೆರಾದಲ್ಲಿ ಹಕ್ಕಿಗಳನ್ನು ತೆಗೆಯುತ್ತಿದ್ದೆ. ಇ. ಹನುಮಂತರಾವ್ ಮತ್ತು ಟಿ.ಎನ್.ಎ. ಪೆರುಮಾಳ್ ಅವರ ವನ್ಯಜೀವಿ ಚಿತ್ರಗಳನ್ನು ನೋಡಿ ಕಲಿತ ಕರ್ನಾಟಕದ ಯಾವ ಛಾಯಾಗ್ರಾಹಕನಿಗೂ ಕಣ್ಣಿನ ರೆಪ್ಪೆ, ಪುಕ್ಕದ ಎಳೆ ಸ್ಪಷ್ಟವಾಗಿ ಮೂಡದಿದ್ದರೆ ಚಿತ್ರ ಪೂರ್ತಿಯಾಯಿತೆಂದು ಅನ್ನಿಸುವುದಿಲ್ಲ, ನನಗೂ ಹಾಗೆಯೇ ಇತ್ತು. ಆದ್ದರಿಂದ ಅಗ್ಗದ ಕ್ಯಾಮೆರಾ ಹಿಡಿದಾಗ, ಇಲ್ಲಿ ಯಾವ ನಿಯಮವೂ ಬೇಡ, ಹೇಗೆ ತೆಗೆದರೂ ಏನಾದರೊಂದು ಸೊಗಸು ತಾನಾಗಿ ಬರುತ್ತದೆ ಎಂದು ಭಾವಿಸಿದ್ದು ನನ್ನ ದೊಡ್ಡ ತಪ್ಪಾಯಿತು. ಒಂದು ರೋಲಿಗೆ ಹನ್ನೆರಡು ಚೌಕದಂತೆ ಮೊದಲ ಮೂರು ರೋಲುಗಳಲ್ಲಿ 36 ಚಿತ್ರ ತೆಗೆದೆ. ಇಟ್ಟುಕೊಳ್ಳಬಹುದಾದವು ಎರಡು. ಉಳಿದವು ಕೈ ನಡುಗಿ ಅದುರಿದ್ದವು, ಬೆಳಕು ಹೆಚ್ಚಾಗಿ ನೆಗೆಟಿವ್ ಕರಿಗಟ್ಟಿದ್ದವು ಅಥವಾ ತೀರಾ ಹತ್ತಿರದಿಂದ ತೆಗೆದು ಮಂಜಾಗಿದ್ದವು. ದೋಷವಿರುವ ಚಿತ್ರಕ್ಕೂ ಹಾಳಾದ ಚಿತ್ರಕ್ಕೂ ಇರುವ ಅಂತರ ಆಗ ಅರ್ಥವಾಯಿತು. ಅಂದಿನಿಂದ ಪ್ರತಿ ಚಿತ್ರಕ್ಕೂ ಸ್ಥಳ, ಹೊತ್ತು, ಬೆಳಕಿನ ದಿಕ್ಕು, ಕಡ್ಡಿ ಯಾವ ಗುರುತಿನಲ್ಲಿತ್ತು ಎನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ.

ಮೊದಲು ಬಿಡಿಸಿದ ಒಗಟು ಕೆಂಪು ಕಿಟಕಿಯದು. ಕ್ಲಿಕ್‌ನ ಹಿಂಬಾಗಿಲಿನಲ್ಲಿ ಚಿತ್ರದ ಸಂಖ್ಯೆ ನೋಡಲು ಕೆಂಪು ಗಾಜಿನಂಥ ಒಂದು ಸಣ್ಣ ಕಿಟಕಿ ಇದೆ. ನನ್ನ ಬಹಳಷ್ಟು ಚಿತ್ರಗಳ ನಡುವೆ ಒಂದು ತಿಳಿಬಿಳಿಯ ವೃತ್ತ ಮೂಡುತ್ತಿತ್ತು. ಹಿಂದಿನ ಕಾಲದ ಆರ್ಥೋಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲವಾದ್ದರಿಂದ ಇಂಥ ಕಿಟಕಿಯಿಂದ ತೊಂದರೆಯಿರಲಿಲ್ಲ. ಈಗ ನಮಗೆ ಸಿಗುವ ಪ್ಯಾಂಕ್ರೋಮ್ಯಾಟಿಕ್ ಫಿಲ್ಮ್ ಕೆಂಪನ್ನೂ ಗ್ರಹಿಸುತ್ತದೆ, ಬಿಸಿಲಿನಲ್ಲಿ ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಂಡು ತಿರುಗಿದರೆ ಆ ಕಿಟಕಿಯ ಬೆಳಕು ಕಾಗದವನ್ನು ದಾಟಿ ಫಿಲ್ಮಿಗೆ ತಗಲುತ್ತದೆ. ಎಲೆಕ್ಟ್ರಿಕ್ ಅಂಗಡಿಯ ಕಪ್ಪು ಇನ್ಸುಲೇಷನ್ ಟೇಪಿನ ಎರಡು ಪದರದಿಂದ ಕಿಟಕಿ ಮುಚ್ಚಿ, ಫಿಲ್ಮ್ ಸುತ್ತುವಾಗ ಮಾತ್ರ ನನ್ನದೇ ನೆರಳಿನಲ್ಲಿ ತೆರೆದು ನೋಡುವುದನ್ನು ರೂಢಿಸಿಕೊಂಡ ಮೇಲೆ ಆ ವೃತ್ತ ನಿಂತಿತು. ಈಗ ಅದು ಬೇಕೆನಿಸಿದಾಗ ಟೇಪನ್ನು ಎರಡು ನಿಮಿಷ ತೆಗೆದು ಕಿಟಕಿಯನ್ನು ಬಿಸಿಲಿಗೆ ಹಿಡಿಯುತ್ತೇನೆ.

ಬೆಳಕಿನ ಲೆಕ್ಕವೂ ಅಷ್ಟೇ ಮುಖ್ಯ. ಕ್ಲಿಕ್‌ನ ಶಟರ್ ವೇಗ ಸೆಕೆಂಡಿನ 1/30ರಿಂದ 1/50ರ ಆಸುಪಾಸಿನಲ್ಲಿದೆ, ಬಿಸಿಲಿನ ಗುರುತಿನಲ್ಲಿ ಬೆಳಕು ಒಳಬರುವ ಅದರ ರಂಧ್ರದ ಅಳತೆ ಸುಮಾರು ಎಫ್/11. ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎನ್ನುವುದರ ಅಳತೆ ಐಎಸ್‌ಒ. ಮೈಸೂರಿನ ಫೆಬ್ರವರಿಯ ಬಿಸಿಲಿನಲ್ಲಿ ಐಎಸ್‌ಒ 400ರ ಫಿಲ್ಮ್ ಹಾಕಿದರೆ ಅದು ಬೇಕಾದುದಕ್ಕಿಂತ ಇಪ್ಪತ್ತು ಪಟ್ಟು ಬೆಳಕನ್ನು ನುಂಗುತ್ತದೆ, 100ರ ಫಿಲ್ಮಿಗಾದರೆ ಐದು ಪಟ್ಟು. ನೆಗೆಟಿವ್ ಫಿಲ್ಮ್ ಹೆಚ್ಚಾದ ಬೆಳಕನ್ನು ಸಾಕಷ್ಟು ಸಹಿಸಿಕೊಳ್ಳುತ್ತದೆಯಾದರೂ ಇಪ್ಪತ್ತು ಪಟ್ಟು ಅದರ ಸಹನೆಗೂ ಮೀರಿದ್ದು. ಆದ್ದರಿಂದ ಕ್ಲಿಕ್‌ಗೆ 100ರ ಫಿಲ್ಮ್, ಬೆಳಗಿನ ಎಂಟರೊಳಗೆ ಅಥವಾ ಸಂಜೆ ನಾಲ್ಕರ ನಂತರ ಎಂದು ನಿಗದಿ ಮಾಡಿಕೊಂಡೆ.

ಇಷ್ಟಾದ ಮೇಲೆ ಆ ಒಂಟಿ ಮಸೂರದ ಗುಣ ಕಣ್ಣಿಗೆ ಕಾಣಿಸಿತು. ಒಂದೇ ಗಾಜಿನ ಮಸೂರವಾದ್ದರಿಂದ ನಡುಭಾಗ ಮಾತ್ರ ತಕ್ಕಮಟ್ಟಿಗೆ ಸ್ಪಷ್ಟವಾಗಿ ಮೂಡಿ, ಅಂಚಿನ ಕಡೆಗೆ ಹೋದಂತೆ ಎಲ್ಲವೂ ಮೃದುವಾಗಿ ಕರಗುತ್ತದೆ. ಚಾಮುಂಡಿ ಬೆಟ್ಟದ ನಂದಿಯನ್ನು ಚೌಕದ ನಡುವಿಗೆ ಬರುವಂತೆ ಇಪ್ಪತ್ತು ಅಡಿ ದೂರದಿಂದ ತೆಗೆದೆ. ಕೊರಳ ಗಂಟೆಸರಗಳ ಕೆತ್ತನೆ ಎಣಿಸುವಷ್ಟು ಸ್ಪಷ್ಟವಾಗಿದ್ದು, ಸುತ್ತ ನಿಂತ ಭಕ್ತರ ಸೀರೆಗಳೂ ಮರದ ಕೊಂಬೆಗಳೂ ನೀರಿನಲ್ಲಿ ಕಲಸಿದಂತೆ ಅಂಚಿಗೆ ಸರಿದಿದ್ದವು. ಅದೇ ದಿನ ಬೆಟ್ಟದ ಮೇಲಿನಿಂದ ಊರಿನ ವಿಶಾಲ ನೋಟವನ್ನೂ ತೆಗೆದಿದ್ದೆ, ಅದು ಬರೀ ಮಸುಕು. ಒಂದೇ ವಸ್ತು, ನಡುವೆ, ಸರಳವಾದ ಹಿನ್ನೆಲೆಯಲ್ಲಿ ಇದ್ದರೆ ಮಾತ್ರ ಈ ಮಸೂರದ ಕೊರತೆ ಚಿತ್ರಕ್ಕೆ ಒದಗಿ ಬರುತ್ತದೆ ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ವರ್ಷ ಗೆಳೆಯರೊಬ್ಬರಿಂದ ಹೋಲ್ಗಾ 120ಎನ್ ಕೊಂಡೆ. ಹೋಲ್ಗಾ ಹುಟ್ಟಿದ್ದು ಹಾಂಗ್‌ಕಾಂಗ್‌ನಲ್ಲಿ, 1982ರಲ್ಲಿ. ಚೀನಾದ ಸಾಮಾನ್ಯ ಜನರ ಕೈಗೆಟುಕುವ ಮನೆಬಳಕೆಯ ಕ್ಯಾಮೆರಾ ಆಗಬೇಕೆನ್ನುವುದು ಅದನ್ನು ರೂಪಿಸಿದವರ ಉದ್ದೇಶವಾಗಿತ್ತು. ಅಲ್ಲಿ 35 ಮಿಲಿಮೀಟರ್ ಫಿಲ್ಮ್ ಬೇಗನೆ ಹರಡಿದ್ದರಿಂದ ಆ ಮಾರುಕಟ್ಟೆ ಅದಕ್ಕೆ ದಕ್ಕಲಿಲ್ಲ, ಪ್ರಯೋಗ ಮಾಡುವ ಛಾಯಾಗ್ರಾಹಕರು ಅದನ್ನು ಕೈಗೆತ್ತಿಕೊಂಡು ಜಗತ್ತಿಗೆಲ್ಲ ಪರಿಚಯಿಸಿದರು. 60 ಮಿಲಿಮೀಟರಿನ ಪ್ಲಾಸ್ಟಿಕ್ ಮಸೂರ, ಸುಮಾರು 1/100 ಸೆಕೆಂಡಿನ ಶಟರ್ ಇರುವ ಈ ಕ್ಯಾಮೆರಾಕ್ಕೆ ಮೋಡದ ದಿನ ಐಎಸ್‌ಒ 400ರ ಫಿಲ್ಮ್ ಸರಿಯಾಗಿ ಹೊಂದುತ್ತದೆ. ಫೋಕಸ್‌ಗೆ ಒಬ್ಬ ಮನುಷ್ಯ, ಮೂವರು, ಗುಂಪು, ಬೆಟ್ಟ ಎಂಬ ನಾಲ್ಕು ಚಿತ್ರಗಳಿವೆ. ಹೆಜ್ಜೆ ಎಣಿಸಿ ದೂರ ಅಂದಾಜು ಮಾಡಿದರೆ ಅದು ನಂಬಿಕೆಗೆ ಮೋಸ ಮಾಡುವುದಿಲ್ಲ.

ಹೋಲ್ಗಾದ ಹಿಂಬಾಗಿಲನ್ನು ಹಿಡಿದಿರುವುದು ಎರಡು ಪಕ್ಕದ ಲೋಹದ ಕ್ಲಿಪ್ಪುಗಳು. ಹೆಗಲಪಟ್ಟಿಯೂ ಅವುಗಳಿಗೇ ಸೇರಿರುವುದರಿಂದ ಪಟ್ಟಿ ಜಗ್ಗಿದರೆ ಬಾಗಿಲೇ ಕಳಚಿ ಬೀಳುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನನಗೆ ಹಾಗೇ ಆಗಿ, ಏಳು ಚಿತ್ರಗಳು ಒಂದು ಕ್ಷಣದಲ್ಲಿ ಹೋದವು. ಬಾಗಿಲಿನ ಸುತ್ತ ಟೇಪು ಸುತ್ತುವುದನ್ನು ಅಂದಿನಿಂದ ಒಮ್ಮೆಯೂ ತಪ್ಪಿಸಿಲ್ಲ. ಇನ್ನೊಂದು ತೊಂದರೆ ಒಳಗಿನದು. ಮುಗಿದ ಫಿಲ್ಮ್ ಸಡಿಲವಾಗಿ ಸುತ್ತಿಕೊಂಡು ಹೊಟ್ಟೆ ಉಬ್ಬಿದ ರೋಲಾಗುತ್ತದೆ, ಹೊರತೆಗೆಯುವಾಗ ಅಂಚಿನಿಂದ ಬೆಳಕು ನುಗ್ಗುತ್ತದೆ. ಮದುವೆಯ ಆಮಂತ್ರಣ ಪತ್ರಿಕೆಯ ದಪ್ಪ ಕಾಗದವನ್ನು ಬೆರಳಗಲ ಕತ್ತರಿಸಿ, ಎರಡು ಮಡಿಕೆ ಮಾಡಿ ಹೊಸ ರೋಲಿನ ಕೆಳಗಿಟ್ಟೆ. ಆ ಕಾಗದದ ಒತ್ತಡಕ್ಕೆ ಫಿಲ್ಮ್ ಬಿಗಿಯಾಗಿ ಎಳೆದುಕೊಂಡು ಸುತ್ತಿಕೊಳ್ಳುತ್ತದೆ.

ಈ ಎರಡೂ ಕ್ಯಾಮೆರಾಗಳಲ್ಲಿ ಫಿಲ್ಮ್ ಸುತ್ತದೆಯೇ ಮತ್ತೆ ಗುಂಡಿ ಒತ್ತಬಹುದು. ಒಂದರ ಮೇಲೊಂದು ಚಿತ್ರ ಮೂಡಿಸುವ ಆಟ ಹೀಗೆ ಶುರುವಾಯಿತು, ನನಗೆ ಅತಿ ಹೆಚ್ಚು ಸಂತೋಷ ಕೊಟ್ಟಿರುವುದೂ ಇದೇ. ಮೊದಲ ಚಿತ್ರದಲ್ಲಿ ಎಲ್ಲಿ ಕತ್ತಲಿದೆಯೋ ಅಲ್ಲಿ ಮಾತ್ರ ಎರಡನೆಯದಕ್ಕೆ ಜಾಗವಿರುತ್ತದೆ, ಬೆಳ್ಳಗಿನ ಆಕಾಶದ ಮೇಲೆ ಇನ್ನೇನೂ ಮೂಡುವುದಿಲ್ಲ. ಇದು ಗೊತ್ತಾಗುವ ತನಕ ಎರಡು ರೋಲು ಕಳೆದುಕೊಂಡೆ. ಮೇಲುಕೋಟೆಯ ಕಲ್ಯಾಣಿಯಲ್ಲಿ ಒಂದು ಮುಂಜಾನೆ, ಆಕಾಶ ಚೌಕದೊಳಗೆ ಬಾರದಂತೆ ಹೋಲ್ಗಾವನ್ನು ತಗ್ಗಿಸಿ, ಮಂಟಪದ ಕಂಬಸಾಲಿನ ನೆರಳನ್ನು ಮೊದಲು ತೆಗೆದೆ. ನಂತರ ಮೆಟ್ಟಿಲಿಳಿದು ಹೋಗಿ, ಬಿಸಿಲು ಬಿದ್ದು ಮಿನುಗುತ್ತಿದ್ದ ನೀರಿನ ಅಲೆಗಳನ್ನು ಅದೇ ಚೌಕದ ಮೇಲೆ ತೆಗೆದೆ. ಮುದ್ರಣದಲ್ಲಿ ಕಂಬಗಳ ನಡುವಿನ ಕತ್ತಲೆಯಲ್ಲೆಲ್ಲ ನೀರು ಹರಿಯುತ್ತಿತ್ತು. ಒಂದು ಕಂಬದ ಮೇಲಿನ ಉಬ್ಬುಶಿಲ್ಪದ ಮೊಣಕಾಲಿನವರೆಗೆ ಅಲೆಯೊಂದು ಬಂದು ನಿಂತಿತ್ತು. ಆ ಅಲೆ ಅಲ್ಲಿಗೇ ಬರಲೆಂದು ನಾನು ಬಯಸಿರಲಿಲ್ಲ, ಆದರೆ ಅಲ್ಲಿ ಕತ್ತಲಿರುವಂತೆ ನೋಡಿಕೊಂಡವನು ನಾನೇ ಆಗಿದ್ದೆ.

ಫಿಲ್ಮನ್ನು ಮನೆಯಲ್ಲೇ ತೊಳೆಯಲು ಕಾರಣವಾದದ್ದು ಒಂದು ಬೇಸರದ ಘಟನೆ. ಒಂದು ಲ್ಯಾಬಿಗೆ ಕೊಟ್ಟಿದ್ದ ರೋಲಿನಲ್ಲಿ, ಚೌಕಗಳು ಒಂದರೊಳಗೊಂದು ಸೇರುವಂತೆ ಬೇಕೆಂದೇ ಅರ್ಧರ್ಧ ಸುತ್ತಿ ತೆಗೆದ ಉದ್ದನೆಯ ಚಿತ್ರವಿತ್ತು. ಅಲ್ಲಿನ ಹುಡುಗ ಅದನ್ನು ನಡುವೆ ಕತ್ತರಿಸಿ, “ಸಾರ್, ನಿಮ್ಮ ಕ್ಯಾಮೆರಾ ಕೆಟ್ಟಿದೆ, ರೋಲ್ ಪೂರ್ತಿ ಹಾಳಾಗಿದೆ, ಪ್ರಿಂಟ್ ಹಾಕಿಲ್ಲ” ಎಂದ. ಮೊದಲೇ ಚೀಟಿ ಬರೆದು ಕೊಡದಿದ್ದುದು ನನ್ನ ತಪ್ಪು. ಆದರೂ ಆ ಕತ್ತರಿಸಿದ ತುಂಡುಗಳನ್ನು ನೋಡಿ ಬಹಳ ನೊಂದೆ.

ಕಪ್ಪುಬಿಳುಪು ಫಿಲ್ಮನ್ನು ಕಾಫಿಯಲ್ಲಿ ತೊಳೆಯಬಹುದೆಂದು 1995ರಲ್ಲಿ ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ ತೋರಿಸಿದ್ದರು. ‘ಕೆಫೆನಾಲ್’ ಎಂದು ಅದರ ಹೆಸರು. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೀಕ್ ಆಮ್ಲ. ಅದರ ಮೂಲವಾದ ಕ್ಲೋರೋಜೆನಿಕ್ ಆಮ್ಲ ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಹೆಚ್ಚು. ಕೊಡಗಿನ ರೋಬಸ್ಟಾ ತೋಟಗಳ ಪಕ್ಕದಲ್ಲಿರುವ ನನಗೆ ಇದು ಬಹಳ ಹಿಡಿಸಿತು. ಒಂದು ಲೀಟರ್ ನೀರಿಗೆ 54 ಗ್ರಾಂ ನೀರಿನಂಶವಿಲ್ಲದ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ ಪುಡಿ, 40 ಗ್ರಾಂ ಇನ್‌ಸ್ಟಂಟ್ ಕಾಫಿಪುಡಿ. 20 ಡಿಗ್ರಿಯಲ್ಲಿ ಹದಿನೈದು ನಿಮಿಷ. ನನ್ನ ಅರ್ಧ ಲೀಟರಿನ ಡಬ್ಬಿಗೆ ಇದರ ಅರ್ಧ ಸಾಕು. ಅಡುಗೆ ಸೋಡಾ ಇದಕ್ಕೆ ನಡೆಯುವುದಿಲ್ಲ, ಫಿಲ್ಟರ್ ಕಾಫಿಯ ಪುಡಿಯೂ ಬೇಡ. ಸೋಡಾ ಕರಗಿದ ಮೇಲೆ ವಿಟಮಿನ್ ಹಾಕಿದರೆ ನೀರು ನೊರೆಗಟ್ಟಿ ಮೇಲೇಳುತ್ತದೆ, ಅದು ಇಳಿದ ನಂತರ ಕಾಫಿ ಹಾಕಿ, ಗುಳ್ಳೆಗಳು ಅಡಗುವವರೆಗೆ ಕಾಯಬೇಕು. ಗುಳ್ಳೆ ಉಳಿದರೆ ಫಿಲ್ಮಿನ ಮೇಲೆ ಅಷ್ಟಷ್ಟೇ ದುಂಡಗಿನ ಕಲೆ ಬೀಳುತ್ತದೆ. ಏಪ್ರಿಲ್‌ನಲ್ಲಿ ನಮ್ಮ ನಲ್ಲಿನೀರು 27 ಡಿಗ್ರಿ ಇರುವುದರಿಂದ ಡಬ್ಬಿಯನ್ನು ಐಸ್ ಹಾಕಿದ ಬೋಗುಣಿಯಲ್ಲಿ ನಿಲ್ಲಿಸುತ್ತೇನೆ. ಐಎಸ್‌ಒ 400ರ ಫಿಲ್ಮಿಗೆ ಲೀಟರಿಗೊಂದು ಗ್ರಾಂ ಪೊಟ್ಯಾಸಿಯಮ್ ಬ್ರೋಮೈಡ್ ಸೇರಿಸದಿದ್ದರೆ ನೆಗೆಟಿವ್ ತುಂಬ ಮಂಜು ಕವಿಯುತ್ತದೆ. ಕೊನೆಗೆ ಚಿತ್ರವನ್ನು ಖಾಯಂಗೊಳಿಸುವ ಹೈಪೋ ದ್ರಾವಣ, ಆಮೇಲೆ ಹರಿಯುವ ನೀರು. ವಾಸನೆ ಮಾತ್ರ ಒಣಹುಲ್ಲು ಕೊಳೆತಂತಿರುತ್ತದೆ, “ಏನಾದರೂ ಮಾಡಿಕೋ, ಅಡುಗೆಮನೆಗೆ ತರಬೇಡಪ್ಪ” ಎಂದು ಅಮ್ಮ ಹೇಳಿದ್ದರಿಂದ ಬಚ್ಚಲುಮನೆಯೇ ನನ್ನ ಡಾರ್ಕ್‌ರೂಮ್. ಕಾಫಿಯ ಬಣ್ಣ ಫಿಲ್ಮಿನ ಮೇಲೆ ತಿಳಿಯಾಗಿ ಉಳಿಯುತ್ತದೆ, ಅದನ್ನು ತೆಗೆಯಲು ನಾನು ಪ್ರಯತ್ನಿಸಿಲ್ಲ.

ಬಣ್ಣದ ಪ್ರಯೋಗಕ್ಕೆ ಮನೆಯಲ್ಲಿದ್ದ ಹಳೆಯ ಕೊಡಕ್ ಕೆಬಿ10 ಸಾಕಾಯಿತು. 35 ಮಿಲಿಮೀಟರಿನ ಬಣ್ಣದ ಫಿಲ್ಮನ್ನು ಕತ್ತಲಚೀಲದಲ್ಲಿ ಮಗುಚಿ ಹಾಕಿದರೆ ಬೆಳಕು ಮೊದಲು ಕೆಂಪನ್ನು ಗ್ರಹಿಸುವ ಪದರಕ್ಕೆ ತಾಗಿ, ಚಿತ್ರವೆಲ್ಲ ಕೆಂಪು ಮತ್ತು ಕಿತ್ತಳೆಯಲ್ಲಿ ಮೂಡುತ್ತದೆ. ಬೆಳಕು ಬಹಳ ಬೇಕಾದ್ದರಿಂದ 400ರ ಫಿಲ್ಮನ್ನು ನಡುಹಗಲಿನಲ್ಲೇ ತೆಗೆಯಬೇಕು. ಮಂಡ್ಯದ ಕಬ್ಬಿನ ಗದ್ದೆಗಳು ಚೆನ್ನಾಗಿ ಬಂದವು. ಮುಖಗಳಿಗೆ ಇದು ಒಗ್ಗುವುದಿಲ್ಲವೆಂದು ನನಗನ್ನಿಸುತ್ತದೆ.

ಈಚೆಗೆ ಹೋಲ್ಗಾದೊಳಗೆ 35 ಮಿಲಿಮೀಟರ್ ಫಿಲ್ಮನ್ನೇ ಸ್ಪಂಜಿನ ತುಂಡುಗಳ ಆಸರೆಯಲ್ಲಿ ಕೂರಿಸಿ ತೆಗೆಯುತ್ತಿದ್ದೇನೆ. ಇದಕ್ಕೆ ಹಿಂಬದಿಯ ಕಾಗದವಿಲ್ಲವಾದ್ದರಿಂದ ಕೆಂಪು ಕಿಟಕಿಯನ್ನು ಪೂರ್ತಿ ಮುಚ್ಚಿ, ಸುತ್ತುವ ಗುಂಡಿಯ ಟಿಕ್ ಶಬ್ದವನ್ನು ಎಣಿಸುತ್ತಾ ಫಿಲ್ಮನ್ನು ಮುಂದಕ್ಕೆ ಸರಿಸಬೇಕು, ಮುಗಿದ ಮೇಲೆ ಕತ್ತಲಚೀಲದಲ್ಲೇ ಹೊರತೆಗೆಯಬೇಕು. ಚಿತ್ರ ಫಿಲ್ಮಿನ ಅಂಚಿನ ರಂಧ್ರಗಳ ಮೇಲೂ ಹರಡಿಕೊಳ್ಳುತ್ತದೆ. ಕಳೆದ ದೀಪಾವಳಿಗೆ ಮಾವ ಮೈಸೂರಿಗೆ ಬಂದಿದ್ದಾಗ, ಸೂರ್ಯನಿಗೆ ಎದುರಾಗಿ, ಆರಡಿ ದೂರದಿಂದ ಅವರನ್ನು ಹೀಗೆ ತೆಗೆದೆ. ಅವರ ನರೆತ ಕೂದಲಿನ ಮೇಲೆ ರಂಧ್ರಗಳ ಒಂದು ಸಾಲು ಹಾದುಹೋಗಿತ್ತು, ಬಿಸಿಲಿನ ಜಾಗ ಪೂರ್ತಿ ಬೆಳ್ಳಗಾಗಿತ್ತು. ಮಾವ ಕನ್ನಡಕ ಹಾಕಿಕೊಂಡು ಅದನ್ನು ಕಿಟಕಿಯ ಬಳಿ ಹಿಡಿದು ನೋಡಿದರು. “ಹೇಳಿದ್ದೆನಲ್ಲಪ್ಪ, ಸೂರ್ಯ ಬೆನ್ನಿಗಿರಬೇಕು ಅಂತ” ಎಂದವರು, ಊರಿಗೆ ಹೊರಡುವಾಗ ಅದರದೇ ಒಂದು ಪ್ರತಿಯನ್ನು ಕೇಳಿ ಪಡೆದರು.